ಹಾಡಿ ಅಳದ ಮಗಳು

ಕಿಕ್ಕೇರಿ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ನಮ್ಮ ಅವ್ವ ಬರುವ ತನಕ ಅಳುವಿಗೆ ಕಳೆ ಕಟ್ಟುತ್ತಿರಲಿಲ್ಲ. ಹೀಗೆ ಹೇಳಿದರೆ ಪಟ್ಟಣದವರಿಗೆ ನಗು ಬರಬಹುದು. ಬರಲಿ. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು ಬರೀ ಕಣ್ಣೀರು ಹಾಕುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಆಸೆಪಟ್ಟು ತಿನ್ನುತ್ತಿದ್ದದ್ದು, ಅವರಿಗೆ ಯಾರು ಏನು ಅನ್ಯಾಯ ಮಾಡಿದರು, ಎಲ್ಲವೂ ಆ ರಾಗದಲ್ಲಿ ಹೊರಗೆ ಬರುತ್ತದೆ. ಅಲ್ಲಿ ಜಗಳವೂ ನಡೆಯುತ್ತದೆ. ಬೀಗಿತ್ತಿ ಹಾಡಿನಲ್ಲಿ ಒಂದು ಮಾತು ಎಸೆದರೆ ಮನೆಯ ಮಗಳು ಹಾಡಿನಲ್ಲೇ ಉತ್ತರ ಕೊಡಬೇಕು. ಕೊಡದೆ ಸುಮ್ಮನಾದರೆ ಬೀಗಿತ್ತಿಯ ಮಾತೇ ಊರಿನಲ್ಲಿ ಉಳಿಯುತ್ತದೆ.

ಅವ್ವ ಅದರಲ್ಲಿ ಎತ್ತಿದ ಕೈ. ಬಸ್ಸಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಕಾಲಿಟ್ಟಳೆಂದರೆ ಕೂತಿದ್ದ ಹೆಂಗಸರು ಸರಿದು ಜಾಗ ಬಿಡುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅವಳ ತೊಡೆಯ ಮೇಲೆ ಕೂತೇ ಆ ರಾಗ ಕಲಿತೆ. ಅವಳು ಉಸಿರು ಎಳೆದುಕೊಳ್ಳುವಾಗ ಬೆನ್ನಿಗೆ ಅವಳ ಎದೆ ಒತ್ತುತ್ತಿದ್ದದ್ದು ಈಗಲೂ ನೆನಪಿದೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಕಡಲೆಕಾಯಿ ತಿನ್ನುತ್ತಾ ನಗುತ್ತಿದ್ದಳು. "ನನ್ ಸರದಿ ಬಂದಾಗ ನೀನು ಸರಿಯಾಗಿ ಅಳ್ಬೇಕು ಕಣೆ. ಇಷ್ಟೂರಿಗೆ ಅತ್ತಿವ್ನಿ, ಮಾನ ಕಳೀಬ್ಯಾಡ," ಎನ್ನುತ್ತಿದ್ದಳು.

ನನಗೆ ಆರು ವರ್ಷವಿದ್ದಾಗ ತಲೆನೋವು ಶುರುವಾಯಿತು. ಬೆಳಗ್ಗೆ ಎದ್ದರೆ ವಾಂತಿ. ಹಟ್ಟಿಯಲ್ಲಿ ಎಮ್ಮೆಗೆ ಡಿಕ್ಕಿ ಹೊಡೆಯುತ್ತಿದ್ದೆ, ಹೊಸಿಲು ಕಾಣದೆ ಎಡವುತ್ತಿದ್ದೆ. ಬೆಂಗಳೂರಿಗೆ ಕರೆದುಕೊಂಡು ಹೋದರು. ಕಣ್ಣಿನ ನರದ ಹತ್ತಿರ ಗಡ್ಡೆ ಎಂದರು, ತಲೆ ತೆರೆದು ಆದಷ್ಟು ತೆಗೆದರು, ಉಳಿದದ್ದಕ್ಕೆ ಕರೆಂಟು ಕೊಟ್ಟರು. ರೇಡಿಯೇಷನ್ ಎಂಬ ಪದ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ, ಕರೆಂಟೇ. ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಅಲ್ಲಾಡಬೇಡ ಎಂದು ಹೇಳಿ ಎಲ್ಲರೂ ಹೊರಗೆ ಹೋಗಿಬಿಡುತ್ತಿದ್ದರು. ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನೋವೇನೂ ಇರಲಿಲ್ಲ. ಒಬ್ಬಳೇ ಇದ್ದೆ, ಅಷ್ಟೇ.

ಬದುಕಿದೆ. ಅದನ್ನು ಸಣ್ಣ ಮಾತು ಎಂದು ಯಾರೂ ತಿಳಿಯಬಾರದು. ಆ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯ ಹುಡುಗಿ ಬದುಕಲಿಲ್ಲ. ಬಲಗಣ್ಣು ಮಂಜಾಗಿಯೇ ಉಳಿಯಿತು, ನಾನು ಅಷ್ಟಾಗಿ ಬೆಳೆಯಲಿಲ್ಲ, ಎರಡೂ ಕಿವಿಗಳ ಮೇಲೆ ಅಂಗೈಯಷ್ಟು ಜಾಗದಲ್ಲಿ ಕೂದಲು ಮತ್ತೆ ಹುಟ್ಟಲಿಲ್ಲ. ಅವ್ವ ದಿನವೂ ಉಳಿದ ಕೂದಲನ್ನು ಆ ಜಾಗದ ಮೇಲೆ ಎಳೆದು ಜಡೆ ಹಾಕುತ್ತಿದ್ದಳು. ಅವಳ ಲೆಕ್ಕದಲ್ಲಿ ಕಾಯಿಲೆ ಅಲ್ಲಿಗೆ ಮುಗಿದಿತ್ತು.

ತೊಂಬತ್ತರ ಆಸುಪಾಸಿನಲ್ಲಿ ಗಂಡಿನ ಕಡೆಯವರು ನೋಡಲು ಬಂದರು. ಪಾಂಡವಪುರದ ಹತ್ತಿರದ ಊರು. ಹುಡುಗ ಪಾಂಡವಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದ, ತಂದೆ ಇಲ್ಲ, ತಾಯಿ ನಾಗಮಂಗಲದ ಹೊಣಕೆರೆ ಕಡೆಯಿಂದ ಬಂದವರು. ಆಯಮ್ಮ ನನ್ನ ಜಡೆಯನ್ನು ಹಿಡಿದು ನೋಡಿ, ಕಿವಿಯ ಮೇಲೆ ಬೆರಳಾಡಿಸಿ, "ಇದೇನವ್ವ ಬೋಳು?" ಎಂದರು. ಅವ್ವ ಕಣ್ಣು ಮಿಟುಕಿಸದೆ, "ಚಿಕ್ಕ ಮಗೀಲಿ ಕುದಿಯೋ ಆಲು ತಲೆ ಮ್ಯಾಲೆ ಚೆಲ್ಕಂಡ್ಬುಟ್ಲು ಬೀಗಿತ್ತಿ," ಎಂದಳು. ಇನ್ನೂ ಸಂಬಂಧ ಕುದುರುವ ಮೊದಲೇ ಬೀಗಿತ್ತಿ ಎಂದು ಕರೆದುಬಿಟ್ಟಿದ್ದಳು. ತಲೆಯಲ್ಲಿ ಗಡ್ಡೆ ಇತ್ತು ಎಂದು ಬಾಯಿಬಿಟ್ಟರೆ ಯಾವ ಮನೆಯವರು ತಾನೇ ಹೆಣ್ಣು ತೆಗೆದುಕೊಳ್ಳುತ್ತಾರೆ? ಅವಳು ಸುಳ್ಳು ಹೇಳಿದಳು ಎಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ. ವಾಸಿಯಾದ ಕಾಯಿಲೆಯ ಮಾತು ಯಾಕೆ ಎಂದುಕೊಂಡಿರಬೇಕು.

ಗಂಡನ ಮನೆಯಲ್ಲಿ ಸೌದೆ ಒಲೆ. ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಮಳೆಗಾಲದಲ್ಲಿ ಎರಡೂ ಹಸಿ. ಊದುಗೊಳವೆ ಹಿಡಿದು ಕೆನ್ನೆ ನೋಯುವವರೆಗೆ ಊದಬೇಕು. ಮದುವೆಯಾಗಿ ವರ್ಷ ಕಳೆದಿರಬಹುದು, ಒಂದು ಬೆಳಗ್ಗೆ ಹಾಗೆ ಊದುತ್ತಿದ್ದಾಗ ಎಡಗೈ ಮರಗಟ್ಟಿತು. ಕೊಳವೆ ಜಾರಿ ಬೂದಿಗೆ ಬಿತ್ತು. ಕಣ್ಣ ಮುಂದೆ ಮೇಲಿನಿಂದ ಕಪ್ಪು ಇಳಿಯಿತು, ಅಂಗಡಿಯ ಶಟರು ಎಳೆದ ಹಾಗೆ. ಕೂಗಲು ಹೋದರೆ ನಾಲಿಗೆ ಹೊರಳಲಿಲ್ಲ. ಸ್ವಲ್ಪ ಹೊತ್ತು ಗೋಡೆಗೊರಗಿ ಕೂತೆ, ಎಲ್ಲವೂ ಬಂದಂತೆಯೇ ಹೊರಟುಹೋಯಿತು. ಅತ್ತೆ ಬಂದು ನೋಡುವ ಹೊತ್ತಿಗೆ ನಾನು ಗಟ್ಟಿಮುಟ್ಟಾಗಿ ಕೂತಿದ್ದೆ, ಒಲೆ ಮಾತ್ರ ಆರಿತ್ತು.

ಅದು ಮತ್ತೆ ಮತ್ತೆ ಆಯಿತು. ಒಲೆ ಮುಂದೆ ಕೂತಾಗಲೇ ಹೆಚ್ಚು. ಇನ್ನೊಮ್ಮೆ ಮುದ್ದೆ ತಿರುವುವಾಗ, ಬಿಸಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಾ ಇದ್ದಾಗ ಎಡಗೈ ಸೋತು ಪಾತ್ರೆ ಮಗುಚಿ ಹಿಟ್ಟೆಲ್ಲ ನೆಲದ ಪಾಲಾಯಿತು. ಅತ್ತೆ ಬೇಸತ್ತರು. "ಒಲೆ ಊದು ಅಂದ್ರೆ ಕೈ ಸೋಲ್ತದೆ, ಉಣ್ಣೋಕ್ ಕುಂತ್ರೆ ಸೋಲಲ್ಲ. ನಿಂಗೆ ಬಂದಿರೋದು ಕಳ್ ಕಾಯ್ಲೆ ಕಣವ್ವ," ಎಂದರು. ನಿಜ ಹೇಳಬೇಕೆಂದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಕಾಯಿಲೆ ಎಂದರೆ ಮಲಗಿಸಬೇಕು, ಜ್ವರ ಬರಬೇಕು. ಒಲೆ ಊದಿದಾಗ ಮಾತ್ರ ಬಂದು ಹೋಗುವ ಕಾಯಿಲೆಯನ್ನು ಯಾರು ಕಂಡಿದ್ದಾರೆ? ನನಗಂತೂ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಅವರಿಗೆ ತೋರಿಸಬೇಕೆಂಬ ಹಟಕ್ಕೆ ಇನ್ನೂ ಜೋರಾಗಿ ಊದುತ್ತಿದ್ದೆ.

ಪಾಂಡವಪುರದ ಡಾಕ್ಟರೊಬ್ಬರು ಫಿಟ್ಸ್ ಇರಬಹುದೆಂದು ಮಾತ್ರೆ ಕೊಟ್ಟರು. ಅದನ್ನು ನುಂಗಿ ದಿನವೆಲ್ಲ ತೂಕಡಿಸುತ್ತಿದ್ದೆ, ಕೈ ಸೋಲುವುದು ನಿಲ್ಲಲಿಲ್ಲ. ಮಗುವೂ ಆಗಲಿಲ್ಲ. ಅತ್ತೆ ಎರಡಕ್ಕೂ ಸೇರಿಸಿ ಹರಕೆ ಹೊತ್ತು ಒಂದು ಅಮಾವಾಸ್ಯೆ ಚುಂಚನಗಿರಿಗೆ ಕರೆದುಕೊಂಡು ಹೋದರು. ಮೆಟ್ಟಿಲು ಹತ್ತಿ ಏದುಸಿರು ಬಂದು ಮೇಲೆ ತಲುಪುವಷ್ಟರಲ್ಲಿ ಶಟರು ಇಳಿಯಿತು, ಕಾಲು ಕುಸಿಯಿತು, ಬಾಯಲ್ಲಿ ಮಾತು ತೊದಲಿತು. ಸುತ್ತ ಇದ್ದ ಹೆಂಗಸರು ಮೈಮೇಲೆ ದೇವರು ಬಂತೆಂದು ಹಣೆ ತುಂಬ ಕುಂಕುಮ ಮೆತ್ತಿ ಕೈ ಮುಗಿದರು. ಒಬ್ಬಾಕೆ ತನ್ನ ಮಗನಿಗೆ ಕೆಲಸ ಯಾವಾಗ ಸಿಗುತ್ತದೆ ಎಂದು ಕೇಳಿದಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡೂ ನನಗೆ ಆಗಿಬರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಹೀಗೇ ಮೂರು ನಾಲ್ಕು ವರ್ಷ ಕಳೆದ ಮೇಲೆ ನನ್ನ ಗಂಡ ಹಟ ಹಿಡಿದು ಮೈಸೂರಿನ ನರರೋಗದ ಡಾಕ್ಟರ ಹತ್ತಿರ ಕರೆದೊಯ್ದರು. ಅವ್ವನೂ ಬಂದಳು, ಅತ್ತೆಯೂ ಬಂದರು. ಡಾಕ್ಟರು ನನ್ನ ಮಾತನ್ನೆಲ್ಲ ಕೇಳಿ, ಎದುರಿಗೇ ಕೂರಿಸಿ ಜೋರಾಗಿ ಉಸಿರಾಡಲು ಹೇಳಿದರು. ಆಡಿದೆ. ಎಲ್ಲರ ಕಣ್ಣೆದುರು ಎಡಗೈ ತೊಡೆಯ ಮೇಲೆ ಸತ್ತು ಬಿತ್ತು. ಸಾಕು ಸಾಕು ಎಂದು ಅವರೇ ನಿಲ್ಲಿಸಿದರು. ಅತ್ತೆಯ ಮುಖ ನೋಡಿದೆ. ಕಳ್ಳ ಕಾಯಿಲೆ ಸಿಕ್ಕಿಬಿದ್ದಿತ್ತು.

"ಚಿಕ್ಕಂದಿನಲ್ಲಿ ತಲೆಗೇನಾದರೂ ಕರೆಂಟು ಕೊಡಿಸಿದ್ದಿರಾ?" ಎಂದು ಡಾಕ್ಟರು ಅವ್ವನನ್ನು ಕೇಳಿದರು.

ಇಷ್ಟು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಅಲ್ಲಿಯ ತನಕ ನನಗೂ ಎರಡಕ್ಕೂ ಗಂಟು ಹಾಕಬೇಕೆಂದು ಹೊಳೆದಿರಲಿಲ್ಲ. ಅವ್ವ ಪಕ್ಕದಲ್ಲಿದ್ದ ಬೀಗಿತ್ತಿಯನ್ನು ನೋಡಿದಳು. "ಇಲ್ಲ ಸಾ. ಆಲು ಚೆಲ್ಕಂಡಿದ್ಲು, ಅದ್ಕೇ ಬೋಳು," ಎಂದಳು. ಮಗಳ ಕೈ ಎದುರಿಗೇ ಬಿದ್ದಿದ್ದರೂ ಅವಳಿಗೆ ಮಗಳ ಸಂಸಾರದ್ದೇ ಭಯ. ಡಾಕ್ಟರು ಎದ್ದು ಬಂದು ನನ್ನ ಎರಡೂ ಕಿವಿಗಳ ಮೇಲಿನ ಕೂದಲನ್ನು ಎತ್ತಿ ನೋಡಿದರು. "ಹಾಲು ಚೆಲ್ಲಿದರೆ ಎರಡೂ ಕಡೆ ಒಂದೇ ಅಳತೆಯಲ್ಲಿ, ಗೆರೆ ಹೊಡೆದ ಹಾಗೆ ಸುಡೋದಿಲ್ಲಮ್ಮ," ಎಂದರು.

"ಕರೆಂಟು ಕೊಟ್ಟಿದ್ರು ಸಾರ್," ಎಂದೆ ನಾನು.

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಷ್ಟೂ ಊರಿನ ಸಾವಿಗೆ ಹಾಡಿ ಅತ್ತವಳು ಅವತ್ತು ಒಂದು ದನಿ ಹೊರಡಿಸಲಿಲ್ಲ.

ತಲೆಯ ಫೋಟೋ ಎಲ್ಲ ತೆಗೆಸಿ, ರಕ್ತನಾಳಕ್ಕೆ ಬಣ್ಣ ಬಿಟ್ಟು ನೋಡಿದ ಮೇಲೆ ವಿಷಯ ತಿಳಿಯಿತು. ಗಡ್ಡೆ ಸುಟ್ಟ ಕರೆಂಟು ಪಕ್ಕದಲ್ಲಿದ್ದ ರಕ್ತನಾಳಗಳನ್ನೂ ಬಿಟ್ಟಿರಲಿಲ್ಲ. ಅವು ವರ್ಷವರ್ಷವೂ ಒಳಗೊಳಗೇ ಕಿರಿದಾಗುತ್ತಾ ಬಂದಿದ್ದವು. ಉಸಿರು ಜೋರಾದರೆ ಇನ್ನಷ್ಟು ಬಿಗಿದು, ಮೆದುಳಿಗೂ ಕಣ್ಣಿಗೂ ರಕ್ತ ಸಾಲದೆ ಹೋಗುತ್ತದೆ. ಹಾಗೆ ಆದಾಗ ಒಂದು ಸಲ ಅದು ಬಿಡದೆಯೂ ಇರಬಹುದು, ಆಗ ಹೋದದ್ದು ವಾಪಸ್ಸು ಬರುವುದಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸುವ ಮಾತು ಬಂತು, ಅಲ್ಲಿ ನೋಡಿದವರು ನಾಳ ತೀರ ತೆಳುವಾಗಿದೆ, ಕೈ ಹಾಕಿದರೆ ಇರುವುದೂ ಹೋದೀತು ಎಂದರು. ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟು ಮೈಸೂರಿನ ಡಾಕ್ಟರು ಹೇಳಿದ್ದು ಇಷ್ಟು: ಒಲೆ ಊದಬೇಡಿ, ಓಡಬೇಡಿ, ಬಿಸಿ ಮುದ್ದೆ ಊದಿ ತಿನ್ನಬೇಡಿ, ಜೋರಾಗಿ ಹಾಡಬೇಡಿ, ಬಿಕ್ಕಿಬಿಕ್ಕಿ ಅಳಬೇಡಿ.

ಬದುಕಿಸಿದ್ದು ಆ ಕರೆಂಟೇ, ಈಗ ಕೊಲ್ಲುತ್ತಿರುವುದೂ ಅದೇ. ಯಾರನ್ನು ಬೈಯಲಿ? ನನ್ನ ಗಂಡ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಒಂದ್ ಸಲ ಕಾದ ಮೋಟ್ರು ಕಾಯಿಲು ಎಷ್ಟೋ ವರ್ಸ ಓಡ್ತದೆ, ಆಮೇಲ್ ಸುಟ್ಕತದೆ," ಎಂದರು. ಅವರಿಗೆ ತಿಳಿದದ್ದು ಮೋಟಾರಿನ ಭಾಷೆ. ಅತ್ತೆ ಮನೆಗೆ ಬಂದವರೇ ಊದುಗೊಳವೆ ತೆಗೆದುಕೊಂಡು ಅಟ್ಟದ ಮೇಲೆ ಎಸೆದರು. ಅವತ್ತಿನಿಂದ ಒಲೆ ಅವರದಾಯಿತು, ಗ್ಯಾಸು ಬರುವ ತನಕ. ತಪ್ಪಾಯಿತು ಎಂದೂ ಅನ್ನಲಿಲ್ಲ, ಯಾಕೆ ಮುಚ್ಚಿಟ್ಟಿರಿ ಎಂದೂ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಆಮೇಲಿನ ನನ್ನ ಬಾಳು ಉಸಿರು ಕಾಯುವ ಬಾಳು. ಕರು ಹಗ್ಗ ಕಿತ್ತುಕೊಂಡು ಗದ್ದೆಗೆ ನುಗ್ಗಿದರೆ ನಿಂತು ನೋಡುತ್ತಿದ್ದೆ. ಮುದ್ದೆ ಆರಿ ಕಲ್ಲಾದ ಮೇಲೆ ತಿನ್ನುತ್ತಿದ್ದೆ. ಸಿಟ್ಟು ಬಂದರೆ ಹಿತ್ತಲಿಗೆ ಹೋಗಿ ಕೂರುತ್ತಿದ್ದೆ. ಇಷ್ಟೆಲ್ಲ ಮಾಡಿದರೂ ಕಣ್ಣು ಆಗಾಗ ಮಬ್ಬಾಗುತ್ತಿತ್ತು, ಎಡಗೈ ಬೆರಳಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಕಣ್ಣು ಬಿಡಲು ಹೆದರಿ, ಮೊದಲು ಕೈ ಅಲ್ಲಾಡಿಸಿ ನೋಡುತ್ತಿದ್ದೆ. ಕಾಣುವುದೊಂದನ್ನು ಉಳಿಸಿಕೊಡು ದೇವರೇ, ಮಿಕ್ಕಿದ್ದೆಲ್ಲ ತೆಗೆದುಕೋ ಎಂದು ಕೇಳುತ್ತಿದ್ದೆ. ಬಲಗಣ್ಣು ಮೊದಲೇ ಮಂಜು. ಹೋದರೆ ನಾನು ಯಾರ ಕೈ ಹಿಡಿದು ಹಿತ್ತಲಿಗೆ ಹೋಗಲಿ? ಹಿಡಿಯಲು ಮಕ್ಕಳೂ ಇಲ್ಲ.

ಅವ್ವ ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಕರೆದರೆ ಗಂಟಲು ಕಟ್ಟಿದೆ ಎನ್ನುತ್ತಿದ್ದಳಂತೆ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ನಮ್ಮೂರಿಗೆ ಬಂದರೆ ಹಗಲೆಲ್ಲ ನನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೀವುತ್ತಾ ಕೂರುತ್ತಿದ್ದಳು.

"ನಾನೇ ಸುಟ್ಬುಟ್ಟೆ ಕಣವ್ವ ನಿನ್ನ."

"ಸುಡಿಸ್ದೆ ಓಗಿದ್ರೆ ಆವತ್ತೇ ಮಣ್ಣಾಯ್ತಿದ್ದೆ. ಸುಮ್ಕಿರವ್ವ."

"ನಾನ್ ಸತ್ರೆ ಬರ್ಬ್ಯಾಡ ನೀನು. ಬಂದ್ರೂ ಅಳ್ಬ್ಯಾಡ. ಮಾನ ಓದ್ರೆ ಓಗ್ಲಿ."

ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಬೆಳಗ್ಗೆ ಅವ್ವ ಹಾಲು ಕರೆಯಲು ಕೂತವಳು ಹಸುವಿನ ಕಾಲ ಬಳಿಯೇ ಒರಗಿದ್ದಳು. ಅವಳ ಜೊತೆಗಿದ್ದ ನನ್ನ ತಮ್ಮ, ಪಾಂಡವಪುರದಲ್ಲಿದ್ದ ನನ್ನ ಗಂಡನ ಅಂಗಡಿಗೆ ಫೋನು ಮಾಡಿದ. ನಾನು, ನನ್ನ ಗಂಡ, ಅತ್ತೆ ಮೂವರೂ ಹೊರಟೆವು. ದಾರಿಯುದ್ದಕ್ಕೂ ಬೇರೆ ಯೋಚನೆ ಮಾಡಲಿಲ್ಲ. ಮೂಗಿನಿಂದ ಮೆಲ್ಲಗೆ ಎಳೆದುಕೋ, ಮೆಲ್ಲಗೆ ಬಿಡು. ಅವ್ವ ಸತ್ತಿದ್ದಾಳೆ. ಮೆಲ್ಲಗೆ ಎಳೆದುಕೋ, ಮೆಲ್ಲಗೆ ಬಿಡು.

ಜಗಲಿಯ ಮೇಲೆ ಅವಳನ್ನು ಕೂರಿಸಿದ್ದರು. ಅಂಗಳದ ತುಂಬ ಹೆಂಗಸರು. ಮಗಳು ಬಂದಳು ಎಂದು ಯಾರೋ ಹೇಳಿದ್ದೇ ತಡ ಅಷ್ಟೂ ಜನರ ಅಳು ನಿಂತಿತು. ಅದು ಪದ್ಧತಿ. ಮಗಳು ರಾಗ ಎತ್ತಿಕೊಡಬೇಕು, ಮಿಕ್ಕವರು ಸೇರಿಸಬೇಕು. ಹತ್ತೂರಿಗೆ ಅತ್ತವಳ ಮಗಳು ಹೇಗೆ ಅಳುತ್ತಾಳೋ ಎಂದು ಕಾಯುತ್ತಿದ್ದರು. ನಾನು ಹೋಗಿ ಅವಳ ಪಾದದ ಹತ್ತಿರ ಕೂತೆ. ಅತ್ತೆ ನನ್ನ ಎಡಕ್ಕೆ ಕೂತು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಅವ್ವನ ಎರಡು ಹೆಬ್ಬೆರಳುಗಳಿಗೆ ಕಟ್ಟಿದ್ದ ದಾರವನ್ನೇ ನೋಡುತ್ತಾ ನಾನು ಮೆಲ್ಲಗೆ ಉಸಿರು ಎಳೆದುಕೊಂಡೆ, ಬಿಟ್ಟೆ.

"ಎತ್ತ ಮಗ್ಳ ಕಣ್ಣಲ್ಲಿ ಒಂದ್ ಅನಿ ನೀರಿಲ್ವಲ್ಲವ್ವ," ಎಂದು ಹಿಂದಿನಿಂದ ಒಬ್ಬಳು ಅಂದಳು. ಇನ್ನೊಬ್ಬಳು, "ಪ್ಯಾಟೆ ಗಾಳಿ ಬಡ್ದದೆ," ಎಂದಳು.  

ಆಗ ಅತ್ತೆ ಹಾಡಿದರು. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದದ್ದನ್ನು ಹೊಣಕೆರೆ ಕಡೆಯ ಒಡ್ಡು ರಾಗದಲ್ಲಿ ಹೊರಗೆ ಹಾಕಿದರು.

"ಮುಚ್ಚಿಟ್ಟು ಕೊಟ್ಯಲ್ಲೇ ಬೀಗಿತ್ತೀ... ಸುಟ್ಟ ತಲೆಯ ಮಗ್ಳಾ... ಆಲು ಚೆಲ್ತು ಅಂದ್ಯಲ್ಲೇ ಬೀಗಿತ್ತೀ... ನಂಬ್ಕಂಡ್ ಬಂದ್ನಲ್ಲೇ... ಒಂದ್ ಮಾತ್ ಯೋಳಿದ್ರೆ ಒಲೆ ಮುಂದೆ ಕುಂಡ್ರುಸ್ತಿದ್ನಾ... ನಿನ್ ಬಾಯ್ ಕಟ್ಟಿ ನನ್ ಕೈಲೇ ಅವ್ಳತ್ರ ಊದ್ಸಿದ್ಯಲ್ಲೇ ಬೀಗಿತ್ತೀ..."

 ಅವ್ವ ನನ್ನ ಚಿಕ್ಕಂದಿನಿಂದ ಕಾಪಾಡಿಕೊಂಡು ಬಂದ ಗುಟ್ಟು ಅವಳ ಹೆಣದ ಮುಂದೆಯೇ ಒಡೆಯಿತು. ಅತ್ತೆ ಅಳುತ್ತಲೇ ನನ್ನ ಕಡೆ ತಿರುಗಿ, "ನೀನ್ ಅಳ್ಬ್ಯಾಡ, ಅಳ್ಬ್ಯಾಡ," ಎಂದು ಮಣಿಕಟ್ಟನ್ನು ಇನ್ನೂ ಬಿಗಿ ಹಿಡಿದರು. ಅವರದು ಸುಳ್ಳು ಅಳುವಲ್ಲ. ಆದರೆ ಎಲ್ಲರೂ ಈಗ ನನ್ನ ಬಾಯಿ ನೋಡುತ್ತಿದ್ದರು. ಬೀಗಿತ್ತಿ ಎಸೆದಿದ್ದಾಳೆ, ಮಗಳು ಉತ್ತರ ಕೊಡಬೇಕು. ಅವ್ವನ ಪರವಾಗಿ ಹೇಳುವವಳು ಭೂಮಿಯ ಮೇಲೆ ನಾನೊಬ್ಬಳೇ. ಉತ್ತರ ನನ್ನಲ್ಲಿತ್ತು. ರಾಗ ಸಮೇತ, ಎಲ್ಲಿ ಉಸಿರು ಎಳೆಯಬೇಕೆಂಬುದರ ಸಮೇತ ಇತ್ತು. ಬಾಯಿ ತೆರೆದೆ. ಎದೆ ಉಬ್ಬಿತು. ಎಡಗೈ ಬೆರಳಿಗೆ ಇರುವೆ ಹರಿಯಿತು.

ಬಾಯಿ ಮುಚ್ಚಿದೆ. ಹೆಣ ಎತ್ತುವ ತನಕ ತೆರೆಯಲಿಲ್ಲ.

ಸುಟ್ಟ ಜಾಗಕ್ಕೆ ಹಾಲುತುಪ್ಪ ಬಿಟ್ಟ ದಿನ ಅವ್ವನ ಬೂದಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ತಂದೆವು. ಬಿಸಿಲು ಚೆನ್ನಾಗಿತ್ತು. ನಾನು ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದೆ. ಅತ್ತಿರಲಿಲ್ಲ, ಓಡಿರಲಿಲ್ಲ, ಮಾತು ಕೂಡ ಹೆಚ್ಚು ಆಡಿರಲಿಲ್ಲ. ಪಕ್ಕದಲ್ಲಿದ್ದ ತಮ್ಮ, "ಮಡ್ಕೆ ಮುಟ್ಟಕ್ಕಾ, ಬುಡ್ಬೇಕು," ಎಂದ.

"ಎಲ್ಲಿ?"

"ಇಲ್ಲೇ ಇಡ್ಕಂಡಿವ್ನಲ್ಲಕ್ಕಾ."

ದನಿ ಎಡಗಡೆಯಿಂದ ಬರುತ್ತಿತ್ತು. ಎಡಗಡೆ ಏನೂ ಇರಲಿಲ್ಲ. ಕತ್ತಲೆಯೂ ಇರಲಿಲ್ಲ, ಸುಮ್ಮನೆ ಏನೂ ಇರಲಿಲ್ಲ. ನದಿ ನನ್ನ ಮೂಗಿನ ನೇರಕ್ಕೆ ಮುಗಿದುಹೋಗಿತ್ತು. ಕತ್ತು ಪೂರ್ತಿ ತಿರುಗಿಸಿದ ಮೇಲೆ ಮೊದಲು ಮಡಕೆ ಕಂಡಿತು, ಆಮೇಲೆ ತಮ್ಮನ ಕೈ, ಆಮೇಲೆ ಅವನ ಹೆದರಿದ ಮುಖ. ಬಿಟ್ಟು ಹೋಗುತ್ತದೆಂದು ಕಾದೆ. ಸಂಜೆಯಾದರೂ ಹೋಗಲಿಲ್ಲ. ಎರಡೂ ಕಣ್ಣುಗಳ ಎಡ ಅರ್ಧ ಅವತ್ತು ಅವ್ವನ ಜೊತೆಗೇ ನೀರಿಗೆ ಹೋಯಿತು.

ಮೈಸೂರಿನ ಡಾಕ್ಟರ ಮುಂದೆ ಕೂತು ಒಂದೇ ಒಂದು ಪ್ರಶ್ನೆ ಕೇಳಿದೆ. "ಅತ್ತಿದ್ರೂ ಇಷ್ಟೇ ತಾನೇ ಸಾರ್ ಆಗ್ತಿದ್ದಿದ್ದು?"

ಅವರು ನನ್ನ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. "ಹೇಳೋಕ್ಕಾಗಲ್ಲಮ್ಮ," ಎಂದರು. "ಇನ್ನರ್ಧ ಇದೆಯಲ್ಲ, ಅದನ್ನು ನೋಡಿಕೊಳ್ಳಿ. ಈಗಲೂ ಅಳಬೇಡಿ."

ಆ ಇನ್ನರ್ಧದಲ್ಲೇ ಇದನ್ನು ಬರೆಯುತ್ತಿದ್ದೇನೆ. ಓದುವಾಗ ಸಾಲಿನ ಆರಂಭ ನನಗೆ ಕಾಣುವುದಿಲ್ಲ, ಹಾಳೆಯ ಎಡ ಅಂಚಿಗೆ ಹೆಬ್ಬೆಟ್ಟು ಇಟ್ಟು, ಅದು ಸಿಗುವ ತನಕ ಕತ್ತು ತಿರುಗಿಸಿ ಓದಬೇಕು. ಅತ್ತೆ ಈಗಲೂ ಇದ್ದಾರೆ, ನನ್ನ ಎಡಕ್ಕೇ ಕೂರುತ್ತಾರೆ, ಯಾರಾದರೂ ಆ ಕಡೆಯಿಂದ ಬಂದರೆ ಮೊದಲೇ ಹೇಳುತ್ತಾರೆ. ಅವತ್ತಿನ ಹಾಡಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ. ಕಿಕ್ಕೇರಿ ಕಡೆಯಲ್ಲಿ ಮಾತ್ರ ಅವ್ವನನ್ನು ನೆನೆಯುವವರು ಅವಳ ರಾಗವನ್ನು ಬಿಟ್ಟು, ಬೀಗಿತ್ತಿಗೆ ಮೋಸ ಮಾಡಿದವಳು ಎಂದು ನೆನೆಯುತ್ತಾರಂತೆ. ಉತ್ತರ ಬರಲಿಲ್ಲವಲ್ಲ.

ಹಾಡಲಾಗದಿದ್ದರೆ ಬರೆದಾದರೂ ಇಡೋಣ ಎಂದು ಇವತ್ತು ಕೂತೆ. ಅವ್ವನ ರಾಗವಿಲ್ಲದೆ ಆ ಮಾತು ಬರುವುದೇ ಇಲ್ಲ, ಬಾಯೊಳಗೇ ಗುನುಗಿಕೊಂಡು ಬರೆಯಬೇಕು.

"ಯೋಳಿದ್ರೆ ನನ್ನ ತಂದ್ಕತಿದ್ರಾ ಅತ್ತೇ... ಬೋಳ್ ತಲೆ ಮಗೀನ ಮನೆ ತುಂಬುಸ್ಕತಿದ್ರಾ ಅತ್ತೇ... ನಮ್ಮವ್ವ..."

ಎಡಗೈಯಲ್ಲಿ ಇರುವೆ ಹರಿಯುತ್ತಿದೆ. ಪೆನ್ನು ಕೆಳಗಿಡುತ್ತಿದ್ದೇನೆ.